ಟೋಕಿಯೊ ಉಡುಪಿಗೆ ಬಂದ ದಾರಿ

ವಿಶಾಖಪಟ್ಟಣದ ಋಷಿಕೊಂಡದಲ್ಲಿ 21.16 ಎಕರೆ ಭೂಮಿಯನ್ನು 99 ಪೈಸೆಗೆ ಟಿಸಿಎಸ್ ಸಂಸ್ಥೆಗೆ ಕೊಡಲು ಆಂಧ್ರದ ಮಂತ್ರಿಮಂಡಲವು 2025ರ ಏಪ್ರಿಲಿನಲ್ಲಿ ನಿರ್ಧರಿಸಿದಂದಿನಿಂದಲೂ, ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಅದೇ ನಗರದಲ್ಲಿ ಐದು ವರ್ಷಗಳ ಅವಧಿಯಲ್ಲಿ 1,500 ಕೋಟಿ ಡಾಲರ್ ತೊಡಗಿಸುವುದಾಗಿ ಸಾರಿದ ಮೇಲಂತೂ ಇನ್ನಷ್ಟು ಗಟ್ಟಿಯಾಗಿ, ಕರ್ನಾಟಕವೂ ತನ್ನ ಎರಡನೆಯ ಸಾಲಿನ ನಗರಗಳಲ್ಲಿ ಭೂಮಿ, ವಿದ್ಯುತ್ತು, ತೆರಿಗೆಗಳಲ್ಲಿ ಇದೇ ಬಗೆಯ ಔದಾರ್ಯವನ್ನು ತೋರದಿದ್ದರೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಭವಿಷ್ಯವಿಲ್ಲವೆಂಬ ವಾದವು ನಮ್ಮಲ್ಲಿ ಕೇಳಿಬರುತ್ತಿದೆ. ಈ ವಾದವು ತಪ್ಪು. ತಪ್ಪೆಂಬುದಕ್ಕೆ ಸಾಕ್ಷ್ಯವು ನಮ್ಮ ನಾಡಿನಲ್ಲಿಯೇ ಇದೆ. ಅದನ್ನು ನೋಡುವ ವ್ಯವಧಾನವು ಮಾತ್ರ ನೀತಿ ರೂಪಿಸುವವರಲ್ಲಿ ಕಾಣುತ್ತಿಲ್ಲ.

1996ರಲ್ಲಿ ರೋಹಿತ್ ಭಟ್ ಅವರು ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆಯನ್ನು ಆರಂಭಿಸಿದರು. ಆಪಲ್ ಗಣಕಗಳಿಗೆ ತಂತ್ರಾಂಶ ಬರೆಯುವ ಸಣ್ಣ ಉದ್ಯಮವಾಗಿ ಹುಟ್ಟಿ, ಐಫೋನ್ ಬಂದಾಗ ಆ ಕೌಶಲವನ್ನೇ ಹೊಸ ಕ್ಷೇತ್ರಕ್ಕೆ ತಿರುಗಿಸಿಕೊಂಡು, ಸಂತೆಕಟ್ಟೆಯ ಹೆದ್ದಾರಿಯ ಬದಿಯಲ್ಲಿ ಕ್ರಮಕ್ರಮವಾಗಿ ಬೆಳೆದ ಈ ಸಂಸ್ಥೆಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ 805 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಆ ದಿನ ಉಡುಪಿಗೆ ಬಹುರಾಷ್ಟ್ರೀಯ ಸಂಸ್ಥೆಯೊಂದು ಬಂದಿತು. ಅದನ್ನು ಎಳೆದು ತಂದುದು ಎಕರೆಗಳ ಲೆಕ್ಕವಲ್ಲ, ಆ ಊರಿನಲ್ಲಿಯೇ ಪಳಗಿದ ತಂತ್ರಜ್ಞರ ಸಮೂಹ. ಸುದ್ದಿಯಲ್ಲಿ ಎಲ್ಲರೂ 805 ಎಂಬ ಅಂಕೆಯನ್ನು ಕಂಡರು. ಗಮನಿಸಬೇಕಾಗಿದ್ದ ಅಂಕೆ ಬೇರೊಂದು: 1996ರಿಂದ 2021ರವರೆಗಿನ 25 ವರ್ಷಗಳು.

ಇದು ಕರಾವಳಿಯ ಅಪವಾದವೆಂದು ಹೇಳುವಂತಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ದುಡಿದು ಬಂದ ವಿವೇಕ್ ಪವಾರ್ ಅವರು 2005ರಲ್ಲಿ ಹುಬ್ಬಳ್ಳಿಯಲ್ಲಿ, ಅದೂ 1947ರಲ್ಲಿ ಆರಂಭವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನ ಆಶ್ರಯದಲ್ಲಿ, ಸಂಕಲ್ಪ್ ಸೆಮಿಕಂಡಕ್ಟರ್ ಸಂಸ್ಥೆಯನ್ನು ಕಟ್ಟಿದರು. ಚಿಪ್‌ಗಳ ಅನಲಾಗ್ ವಿನ್ಯಾಸವೆಂಬುದು ಅನುಭವದಿಂದ ಮಾತ್ರ ಸಿದ್ಧಿಸುವ ವಿದ್ಯೆ. ಹುಬ್ಬಳ್ಳಿ-ಧಾರವಾಡದ ಯುವಕ ಯುವತಿಯರು ಆ ವಿದ್ಯೆಯನ್ನು ತಮ್ಮೂರಿನಲ್ಲಿಯೇ ಕಲಿತು ಪಕ್ವವಾದುದರ ಫಲವಾಗಿ, 2019ರಲ್ಲಿ ಎಚ್‌ಸಿಎಲ್ ಸಂಸ್ಥೆಯು 180 ಕೋಟಿ ರೂಪಾಯಿ ತೆತ್ತು ಅದನ್ನು ತನ್ನದಾಗಿಸಿಕೊಂಡಿತು. ಇಲ್ಲಿ ಕಳೆದುದು 14 ವರ್ಷ.

ಇಷ್ಟು ಕಾಲ ಏಕೆ ಬೇಕಾಯಿತೆಂಬುದನ್ನು ವಿಚಾರಿಸಿದರೆ ಸಮಸ್ಯೆಯ ಮರ್ಮವು ತಿಳಿಯುತ್ತದೆ. ಚಿಕ್ಕ ನಗರದಲ್ಲಿ ಕೇಂದ್ರ ತೆರೆಯಲು ಯೋಚಿಸುವ ವಿದೇಶಿ ಸಂಸ್ಥೆಯ ಮುಖ್ಯಸ್ಥನಿಗೆ ಹೊಸ ಪದವೀಧರರು ಸಿಗುವರೋ ಇಲ್ಲವೋ ಎಂಬ ಚಿಂತೆಯಿಲ್ಲ. ಸುರತ್ಕಲ್ಲಿನಲ್ಲಿ 1960ರಿಂದ, ಮಣಿಪಾಲದಲ್ಲಿ 1957ರಿಂದ, ಮೈಸೂರಿನ ಎನ್‌ಐಇಯಲ್ಲಿ 1946ರಿಂದ ಎಂಜಿನಿಯರುಗಳು ತಯಾರಾಗುತ್ತಲೇ ಇದ್ದಾರೆ. ಅವನ ಪ್ರಶ್ನೆ ಬೇರೆ: ಹನ್ನೆರಡು ಹದಿನೈದು ವರ್ಷ ಅನುಭವವುಳ್ಳ ನನ್ನ ತಂಡದ ನಾಯಕನು ನಾಳೆ ರಾಜೀನಾಮೆಯಿತ್ತರೆ, ಅವನ ಸ್ಥಾನಕ್ಕೆ ಇನ್ನೊಬ್ಬನು ಈ ಊರಿನಲ್ಲಿ ಸಿಕ್ಕಾನೆ? ಅತ್ತ ಬೆಂಗಳೂರಿನಲ್ಲಿ ನೆಲೆಸಿ, ತಂದೆತಾಯಿಗಳ ಸಮೀಪಕ್ಕೆ ಮರಳಲು ಹಂಬಲಿಸುವ ಎಂಜಿನಿಯರನೂ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳುತ್ತಾನೆ: ಈ ಕಂಪನಿ ಕದ ಮುಚ್ಚಿದರೆ ನನಗೆ ಮತ್ತೊಂದು ಕೆಲಸವು ಇಲ್ಲಿ ದೊರೆಯುವುದೆ? ನನ್ನ ಹೆಂಡತಿಯ ಉದ್ಯೋಗದ ಗತಿಯೇನು? ಒಂದೇ ದೊಡ್ಡ ಸಂಸ್ಥೆಯನ್ನು ನಂಬಿದ ನಗರದಲ್ಲಿ ಈ ಎಲ್ಲ ಪ್ರಶ್ನೆಗಳಿಗೂ ಉತ್ತರವು ಇಲ್ಲವೆಂದೇ. ಭೂಮಿಯ ಬೆಲೆಯನ್ನು 99 ಪೈಸೆಯಿಂದ ಸೊನ್ನೆಗಿಳಿಸಿದರೂ ಆ ಉತ್ತರವು ಬದಲಾಗದು. ನಡುವಯಸ್ಸಿನ, ನುರಿತ ತಂತ್ರಜ್ಞರ ಸಮುದಾಯವೊಂದು ಊರಿನಲ್ಲಿ ನೆಲೆಗೊಂಡಾಗಲೇ ಅದು ಬದಲಾಗುವುದು. ಅಂಥ ಸಮುದಾಯವನ್ನು ಸೃಷ್ಟಿಸುವುದು ಸ್ಥಳೀಯ ಸಂಸ್ಥೆಗಳು.

ಮೈಸೂರನ್ನೇ ನೋಡಬಹುದು. 337 ಎಕರೆಗಳಲ್ಲಿ ಹಬ್ಬಿರುವ ಇನ್ಫೋಸಿಸ್ ಆವರಣದಲ್ಲಿ ಏಕಕಾಲಕ್ಕೆ ಹತ್ತು ಸಾವಿರಕ್ಕೂ ಮೀರಿದ ಮಂದಿ ತರಬೇತಿ ಪಡೆಯಲು ಅವಕಾಶವಿದೆ. ಆ ವಿದ್ಯಾಕೇಂದ್ರದ ಗುಣಮಟ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತರಬೇತಿ ಮುಗಿಸಿದವರಲ್ಲಿ ಬಹುಮಂದಿ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ತೆರಳುವರಾದುದರಿಂದ, ನಗರದಲ್ಲಿ ಅನುಭವವು ಸಂಚಯವಾಗುವುದಿಲ್ಲ. ಆವರಣದ ವಿಸ್ತಾರವೇ ನಗರದ ಭಾಗ್ಯವನ್ನು ತೆರೆಯುವಂತಿದ್ದರೆ ಮೈಸೂರು ಇಷ್ಟು ಹೊತ್ತಿಗೆ ಬೆಂಗಳೂರಿಗೆ ಸಾಟಿಯಾಗಬೇಕಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದುದನ್ನು ಕೊಂಡಾಡುವವರೂ ಅದರ ಹಿಂದಿನ ದೀರ್ಘ ಕಾಲವನ್ನು ಮರೆಯುತ್ತಾರೆ: ಟಾಟಾ ಇನ್‌ಸ್ಟಿಟ್ಯೂಟು (ಭಾರತೀಯ ವಿಜ್ಞಾನ ಸಂಸ್ಥೆ) 1909ರದು, ಎಚ್‌ಎಎಲ್ 1940ರದು, ಐಟಿಐ 1948ರದು, ಬಿಇಎಲ್ 1954ರದು.

ಸ್ಥಳೀಯ ಸಂಸ್ಥೆಗಳು ಪರರ ಕೈ ಸೇರುವುದೇ ಗುರಿಯಾಗಬೇಕೆ ಎಂದು ಕೆಲವರು ಆಕ್ಷೇಪಿಸಿಯಾರು. ಒಡೆತನವು ಊರಿನಲ್ಲಿಯೇ ಉಳಿದರೆ ಇನ್ನೂ ಮೇಲು. ಉಳಿಯದಿದ್ದರೂ ಕೆಲಸವೂ ಕೌಶಲವೂ ಉಳಿಯುತ್ತವೆ. ಇಪ್ಪತ್ತೈದು ವರ್ಷ ಕಾಯಲು ಸಾಧ್ಯವೆ ಎಂಬ ಮತ್ತೊಂದು ಆಕ್ಷೇಪಕ್ಕೆ ಉತ್ತರವು ಸುಲಭ. ಕಾಯುವಿಕೆ ಈಗಾಗಲೇ ಆರಂಭವಾಗಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ಹುಟ್ಟಿ, ನೂರು ಇನ್ನೂರು ಜನರಿಗೆ ಅನ್ನ ಕೊಡುತ್ತಿರುವ ಸಂಸ್ಥೆಗಳನ್ನು ಈ ನಗರಗಳಲ್ಲಿ ಗುರುತಿಸಿ ಬಲಪಡಿಸಿದರೆ ಸಾಕು.

ನಮ್ಮ ನೀತಿಯಲ್ಲಿ ಕಣ್ಣಿಗೆ ಬೀಳದಿರುವವು ಈ ಸಂಸ್ಥೆಗಳೇ. 2024ರ ನವೆಂಬರಿನಲ್ಲಿ ಪ್ರಕಟವಾದ, ಬಹುರಾಷ್ಟ್ರೀಯ ಸಂಸ್ಥೆಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನು (ಜಿಸಿಸಿ) ಕುರಿತ ರಾಜ್ಯದ ನೀತಿಯು 2029ರೊಳಗೆ 500 ಹೊಸ ಕೇಂದ್ರಗಳನ್ನೂ ಮೂರೂವರೆ ಲಕ್ಷ ಉದ್ಯೋಗಗಳನ್ನೂ ಗುರಿಯಾಗಿಟ್ಟುಕೊಂಡಿದೆ; ಅದರ ಆಯುಸ್ಸು ಐದು ವರ್ಷ. ಸ್ಟಾರ್ಟಪ್ ಎಂಬ ಮಾನ್ಯತೆಯು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಮುಗಿಯುತ್ತದೆ. ಹನ್ನೊಂದನೆಯ ವರ್ಷಕ್ಕೆ ಕಾಲಿಟ್ಟ ಹುಬ್ಬಳ್ಳಿಯ ಸಂಸ್ಥೆಯು ಸ್ಟಾರ್ಟಪ್ಪೂ ಅಲ್ಲ, ವಿದೇಶಿ ಅತಿಥಿಯೂ ಅಲ್ಲ. ಸರಕಾರದ ಟೆಂಡರಿಗೆ ಹೋದರೆ ವಾರ್ಷಿಕ ವಹಿವಾಟಿನ ಷರತ್ತು ಅದನ್ನು ಬಾಗಿಲಲ್ಲಿಯೇ ತಡೆಯುತ್ತದೆ. ‘ಬಿಯಾಂಡ್ ಬೆಂಗಳೂರು’ ಎಂಬ ಯೋಜನೆಯಲ್ಲಿ ಶ್ರದ್ಧೆಯಿರುವುದಾದರೆ, ಇಂಥ ಸಂಸ್ಥೆಗಳಿಗೆ ರಾಜ್ಯದ ಇಲಾಖೆಗಳ ತಂತ್ರಾಂಶ ಕಾಮಗಾರಿಯಲ್ಲಿ ಒಂದು ಪಾಲನ್ನು ಮೀಸಲಿಡುವುದೂ, ಬೆಂಗಳೂರಿನಿಂದ ಅನುಭವಿಗಳನ್ನು ಮರಳಿ ಕರೆತರುವ ಸಂಸ್ಥೆಗೆ ಮೊದಲೆರಡು ವರ್ಷ ಅವರ ಸಂಬಳದಲ್ಲಿ ನೆರವಾಗುವುದೂ ಅದರ ಮೊದಲ ಕೆಲಸವಾಗಬೇಕು.

ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳ ಶಾಸಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಇದನ್ನು ಕೇಳಿರಿ: ನಮ್ಮ ನಗರದಲ್ಲಿ ಹತ್ತು ವರ್ಷ ಪೂರೈಸಿದ, ನೂರಕ್ಕೂ ಹೆಚ್ಚು ಮಂದಿ ದುಡಿಯುವ ತಂತ್ರಜ್ಞಾನ ಸಂಸ್ಥೆಗಳೆಷ್ಟು, ಕಳೆದ ಮೂರು ವರ್ಷಗಳಲ್ಲಿ ಸರಕಾರವು ಅವುಗಳಿಂದ ಎಷ್ಟು ರೂಪಾಯಿಯ ಕೆಲಸ ಮಾಡಿಸಿಕೊಂಡಿದೆ?