ಟ್ರಿನಿಡಾಡಿಗೆ ಹೋಗ್ತೀರಾ? ಆ ಒಂದು ಪ್ರಶ್ನೆ ಮಾತ್ರ ಕೇಳ್ಬೇಡಿ

ಮೊನ್ನೆ ನ್ಯೂಜೆರ್ಸಿಯಿಂದ ಗೆಳೆಯ ಫೋನ್ ಮಾಡಿದ್ದ. "ರಜೆಗೆ ಕೆರಿಬಿಯನ್ ಹೋಗೋಣ ಅಂತಿದೀವಿ ಕಣೋ, ನೀನು ಟ್ರಿನಿಡಾಡ್ ನೋಡ್ಕೊಂಡು ಬಂದಿದೀಯಲ್ಲ, ಟಿಪ್ಸ್ ಕೊಡು" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ. ಜೊತೆಗೆ ಅವನಿಗೆ ಹೇಳೋಕೆ ನಾಚಿಕೆಯಾಗಿದ್ದ ಒಂದು ವಿಷಯಾನೂ.

ಮೊದಲು ಕಾಗದಪತ್ರ. ಎಚ್‌1ಬಿ ಮೇಲಿದ್ದು ಪಾಸ್‌ಪೋರ್ಟಿನಲ್ಲಿರೋ ಅಮೆರಿಕದ ವೀಸಾ ಸ್ಟಾಂಪ್ ಮುಗಿದಿದ್ರೆ ಎಚ್ಚರ. ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರೋರಿಗೆ ಒಂದು ವಿನಾಯಿತಿ ಇದೆ. ಅದು ಕೆರಿಬಿಯನ್ ದ್ವೀಪಗಳಿಗೂ ಇದೆ ಅಂತ ನಂಬಿ ಹೊರಡಬೇಡಿ, ಎಚ್‌1ಬಿಯವರಿಗೆ ಇಲ್ಲ. ಸ್ಟಾಂಪ್ ಇಲ್ಲದೇ ಇದ್ರೆ ಅಮೆರಿಕದ್ದೇ ಆದ ಪೋರ್ಟೊರಿಕೊಗೆ ಹೋಗಿ, ಕಡಲು ಅಲ್ಲೂ ನೀಲಿನೇ :-)

ಇನ್ನು ಟ್ರಿನಿಡಾಡ್. ಮಿಲಿಟರಿ ಬಣ್ಣದ ಮಚ್ಚೆಮಚ್ಚೆ ಚಡ್ಡಿ, ಟೀ ಶರ್ಟ್ ಒಯ್ಯಬೇಡಿ. ಅಲ್ಲಿ ಅದನ್ನ ಹಾಕೋದು ಅಪರಾಧ. ಗಾಡಿ ನಮ್ಮ ಹಾಗೇ ಎಡಕ್ಕೆ ಓಡಿಸ್ತಾರೆ. ಅಪರಾಧಗಳು ಹೆಚ್ಚಾಗಿ 2024ರ ಡಿಸೆಂಬರಿನಲ್ಲಿ, ಮತ್ತೆ 2025ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ದೇಶ ಅದು. ಹಾಗಾಗಿ ಟಿಕೆಟ್ ಕೊಳ್ಳೋ ಮುಂಚೆ ಅಲ್ಲಿನ ಪರಿಸ್ಥಿತಿ ವಿಚಾರಿಸಿ, ರಾತ್ರಿ ಒಬ್ಬೊಬ್ಬರೇ ಅಲೀಬೇಡಿ. ಹಾಗಂತ ಬೀಚ್ ಹೋಟೆಲಿನೊಳಗೇ ಕೂತು ಬರೋದಾದ್ರೆ ಅಷ್ಟು ದೂರ ಯಾಕೆ, ಗೋವಾ ಸಾಕು.

ಬೆಳಿಗ್ಗೆ ರಸ್ತೆಬದಿ ಡಬಲ್ಸ್ ತಿನ್ನಿ. ಪೂರಿಯಂಥ ಎರಡು ಮೆತ್ತನೆ ಬಾರಾ, ನಡುವೆ ಕಾಬೂಲಿ ಕಡಲೆ ಗೊಜ್ಜು. ಬ್ಯಾಡಗಿ ತಿಂದವನು ಅನ್ನೋ ಜಂಬದಲ್ಲಿ ಖಾರ ಜಾಸ್ತಿ ಹಾಕಿಸ್ಕೊಂಡು ನಾನು ಕಣ್ಣೀರು ಹಾಕಿದೀನಿ. "ಸ್ಲೈಟ್" ಅನ್ನಿ, ಸಾಕು.

ಆ ಡಬಲ್ಸ್ ಗಾಡಿ ಹತ್ರಾನೇ ನನ್ನ ಮಾನ ಹೋಗಿದ್ದು. ಮಾರ್ತಿದ್ದ ಅಂಕಲ್ ಮುಖ ಥೇಟ್ ನಮ್ಮೋರ ಥರ. ಖುಷಿಯಲ್ಲಿ "ಇಂಡಿಯಾದಲ್ಲಿ ನಿಮ್ದು ಯಾವೂರು?" ಅಂದ್ಬಿಟ್ಟೆ. ಅವರು ಕೈ ನಿಲ್ಲಿಸದೇನೇ "ನಮ್ಮೂರು ಚಗ್ವಾನಸ್. ಇಂಡಿಯಾದಿಂದ ಬಂದಿದ್ದು ನಮ್ಮಜ್ಜನ ಅಜ್ಜ, ನಾನಲ್ಲ" ಅಂದ್ರು. ಸಿಟ್ಟೇನಿರಲಿಲ್ಲ. ಆ ಪ್ರಶ್ನೆ ಕೇಳಿ ಕೇಳಿ ಬೇಜಾರಾಗಿತ್ತು ಅಷ್ಟೇ.

ದೆಹಲಿಯಲ್ಲಿ ಯಾರಾದ್ರೂ "ಮದ್ರಾಸಿಯಾ?" ಅಂದ್ರೆ ನಮಗೆ ಎಷ್ಟು ಉರಿಯುತ್ತೆ ಹೇಳಿ! ನಾನು ಮಾಡಿದ್ದೂ ಅದನ್ನೇ ಅಲ್ವಾ? ಇನ್ನು ಕೆಲವರಂತೂ ಅವರ ಭಜನೆಯ ಹಿಂದಿ ತಿದ್ದೋಕೆ ಹೋಗ್ತಾರೆ, ಜಾತಿ ಕೇಳ್ತಾರೆ.

ಅವರ ಕಥೆ ಸ್ವಲ್ಪ ತಿಳ್ಕೊಂಡು ಹೋದ್ರೆ ಹೀಗೆಲ್ಲ ಬಾಯಿ ಬರಲ್ಲ. ಗುಲಾಮಗಿರಿ 1838ರಲ್ಲಿ ಪೂರ್ತಿ ಕೊನೆಯಾದ ಮೇಲೆ ಕಬ್ಬಿನ ತೋಟಗಳಿಗೆ ಅಗ್ಗದ ಆಳು ಬೇಕಾದ್ರು. 1845ರ ಮೇ 30ಕ್ಕೆ ಫತೇಲ್ ರಝಾಕ್ ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನ ತಂದು ಇಳಿಸ್ತು. ಸಾಮಾನ್ಯವಾಗಿ ಐದು ವರ್ಷದ ಕರಾರು. 1917ರವರೆಗೆ ಹೀಗೇ ನಡೀತು. ಹೆಚ್ಚಿನವರು ಬಿಹಾರ, ಉತ್ತರಪ್ರದೇಶದ ಕಡೆಯವರು. ತಿಂಗಳುಗಟ್ಟಲೆ ಒಂದೇ ಹಡಗಲ್ಲಿ ಬಂದೋರು ಒಬ್ಬರಿಗೊಬ್ಬರು 'ಜಹಾಜಿ ಭಾಯಿ' ಆದ್ರು. ಜಾತಿಯ ಎಷ್ಟೋ ಗಂಟು ಅಲ್ಲೇ ಸಡಿಲವಾಯ್ತು. ನಾವು ವಿಮಾನದಲ್ಲಿ ಹೋಗಿ ಅದನ್ನ ಮತ್ತೆ ಬಿಗಿಯೋದಾ?

ವಾಟರ್‌ಲೂನಲ್ಲಿರೋ ಸಮುದ್ರದ ಗುಡಿ ನೋಡದೇ ಬರಬೇಡಿ. ಶಿವದಾಸ್ ಸಾಧು ಅನ್ನೋ ಕೂಲಿ 1947ರಲ್ಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದ್ರು. ಅದನ್ನ ಕೆಡವಿ ಅವರನ್ನ 14 ದಿನ ಜೈಲಿಗೆ ಹಾಕಿದ್ರು. ಹೊರಗೆ ಬಂದವರು ನೆಲದ ಸಹವಾಸವೇ ಬೇಡ ಅಂತ ಸಮುದ್ರದೊಳಕ್ಕೇ ಕಲ್ಲು ಮಣ್ಣು ಹಾಕೋಕೆ ಶುರುಮಾಡಿದ್ರು. ಬಕೆಟ್ಟು, ಒಂದು ಸೈಕಲ್ಲು, ಸುಮಾರು 25 ವರ್ಷ! 1995ರಲ್ಲಿ ಅದನ್ನ ಹೊಸದಾಗಿ ಕಟ್ಟಿದ್ರು. ಈ ಗುಡಿ ಪೂರಾ ಟ್ರಿನಿಡಾಡಿನದು. ಇಲ್ಲಿಂದ ಹೋದ ನಾವು 'ನಮ್ಮದು' ಅಂತ ಹೆಮ್ಮೆ ಪಡೋಕೆ ಏನು ಮಾಡಿದೀವಿ?

ಇನ್ನೊಂದು ಮಾತು. 'ನಮ್ಮೋರ'ನ್ನೇ ಹುಡುಕ್ತಾ ಹೋದ್ರೆ ಅರ್ಧ ದೇಶ ತಪ್ಪಿಹೋಗುತ್ತೆ. ಎಣ್ಣೆ ಡ್ರಮ್ಮನ್ನ ಬಡಿದು ಬಗ್ಗಿಸಿ ಸ್ವರ ಹೊರಡಿಸಿದ ಸ್ಟೀಲ್‌ಪ್ಯಾನ್ ಹುಟ್ಟಿದ್ದು ಅಲ್ಲಿನ ಆಫ್ರಿಕನ್ ಮೂಲದವರ ಕೇರಿಗಳಲ್ಲಿ. ಅದನ್ನೂ ಕೂತು ಕೇಳಿ. ಸಂಜೆ ಕರೋನಿ ಜೌಗಿನಲ್ಲಿ ದೋಣಿ ಹತ್ತಿದ್ರೆ ಕಡುಗೆಂಪು ಐಬಿಸ್ ಹಕ್ಕಿಗಳು ಗೂಡಿಗೆ ಮರಳೋದು ಕಾಣುತ್ತೆ, ಮರವೆಲ್ಲ ಹೂ ಬಿಟ್ಟ ಹಾಗೆ.

ಮಾತಿಗೆ ವಿಷಯ ಬೇಕಾ? ಕ್ರಿಕೆಟ್ ಇದೆಯಲ್ಲ! 1976ರಲ್ಲಿ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ನಾವು 403 ಬೆನ್ನಟ್ಟಿ ಗೆದ್ದಾಗ ನಮ್ಮ ವಿಶಿ 112, ಬ್ರಿಜೇಶ್ ಪಟೇಲ್ ಔಟಾಗದೆ 49. ಆ ಅಂಕಲ್ ಹತ್ರ ಇದನ್ನ ಎತ್ತಿದ್ದೇ ತಡ, ಅಲ್ಲೀವರೆಗೂ ನಿಲ್ಲದ ಕೈ ನಿಂತೇಬಿಡ್ತು. ಹಿಂದೆ ಕ್ಯೂನಲ್ಲಿದ್ದೋರು ಬೈದ ಮೇಲೇನೇ ಮತ್ತೆ ಶುರುವಾಗಿದ್ದು :-)

ನೀವೂ ಎಲ್ಲಾದ್ರೂ ಹೀಗೆ ಪೆಚ್ಚಾಗಿದ್ರೆ ಹೇಳಿ. ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆಗ್ಲಿ.