ತಡವಾಯಿತಂತೆ!

ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನು ಕೈಜಾರದಿರಲಿ ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾತಿ ಷರತ್ತು ಮುರಿದು, ಅಥವಾ ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಯಾರೇ ಕೊಂಡಿದ್ದರೂ ಆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಬಿಡಿಸಿ ಕೊಡಬೇಕು. ಅರ್ಜಿಗೆ ಕಾಲಮಿತಿ ಬರೆದಿರಲಿಲ್ಲ. ಇದು ಸಂವಿಧಾನಬದ್ಧ ಅಂತ 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು.

ಅದೇ ಕೋರ್ಟು 2017ರಲ್ಲಿ, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಕಾಲಮಿತಿ ಇಲ್ಲದಿದ್ದರೂ 'ಸಮಂಜಸ ಅವಧಿ'ಯೊಳಗೆ ಬರಬೇಕು ಎಂದಿತು. ಆಮೇಲೆ ನಮ್ಮ ಅರ್ಜಿಗಳು ಸಾಲುಸಾಲಾಗಿ ವಜಾ. ಸಾಲದ ಪತ್ರ ಅಂದುಕೊಂಡು ಹೆಬ್ಬೆಟ್ಟು ಒತ್ತಿದ ಅಪ್ಪನಿಗೆ ಅದು ಕ್ರಯಪತ್ರ ಅಂತ ಯಾರು ಓದಿ ಹೇಳಿದರು? ಕೊಂಡವನ ಹೊಲದಲ್ಲೇ ಕೂಲಿ ಮಾಡಿ ಉಣ್ಣೋನು ಅವನ ಮೇಲೆ ಯಾವ ವರ್ಷ ಕೇಸು ಹಾಕಬೇಕಿತ್ತು, ಸ್ವಾಮಿ?

ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ, 2023ರಲ್ಲಿ, ಕಾಲಮಿತಿ ಇಲ್ಲ ಅಂತಲೇ ಶಾಸನಸಭೆ 5ನೇ ಕಲಮಿಗೆ ಸೇರಿಸಿತು. ಮರುವರ್ಷ ಹೈಕೋರ್ಟು, ಕಾಲಮಿತಿ ಬೇರೆ, ವಿಳಂಬ ಬೇರೆ ಎಂದಿತು. ವ್ಯತ್ಯಾಸ ವಕೀಲರಿಗೆ ತಿಳಿದೀತು. ಕೇರಿಗೆ ಬರೋ ಹೊತ್ತಿಗೆ ಎರಡೂ ಒಂದೇ: ಜಮೀನಿಲ್ಲ.

ಕಂಪನಿಗಳ ಕಥೆ ನೋಡಿ. ಅವು ಕೃಷಿಭೂಮಿ ಹಿಡಿಯದಂತೆ ಭೂಸುಧಾರಣಾ ಕಾಯ್ದೆಯ 79ಬಿ ತಡೆದಿತ್ತು. 2020ರಲ್ಲಿ ಅದನ್ನು ಕಿತ್ತುಹಾಕಿದರು, ಅದೂ ಮೊದಲು ಸುಗ್ರೀವಾಜ್ಞೆಯಲ್ಲಿ. ಅವರಿಗೆ ಸದನ ಸೇರೋವರೆಗೂ ಕಾಯೋಕಾಗಲಿಲ್ಲ!

ವಿಳಂಬದ ಲೆಕ್ಕ ಕೇಳೋ ಮುಂಚೆ ವಿಳಂಬಕ್ಕೆ ಕಾರಣರು ಯಾರು ಅಂತ ಕೋರ್ಟು ಕೇಳಲಿ, ಸರ್ಕಾರ ನಮ್ಮ ಪರ ವಾದಿಸಲಿ. ಸಾಗುವಳಿ ಚೀಟಿ ಇರೋರು ಪೆಟ್ಟಿಗೆಯಿಂದ ಈಗಲೇ ತೆಗೀರಿ. ಯಾಕೆ ತಡವಾಯಿತು ಅನ್ನೋದನ್ನು ಅರ್ಜಿಯಲ್ಲೇ ಬರೆಸಿ.