ನಾಮಫಲಕದಲ್ಲಿ ಕನ್ನಡಕ್ಕೊಂದು ಸಾಲು

ಅಂಗಡಿ, ಹೊಟೇಲುಗಳ ನಾಮಫಲಕದಲ್ಲಿ ಮರಾಠಿಗೆ ಅಗ್ರಸ್ಥಾನ ಸಲ್ಲಬೇಕು, ಅದರ ಅಕ್ಷರಗಳು ಇತರ ಲಿಪಿಯವಕ್ಕಿಂತ ಕಿರಿದಾಗಕೂಡದು ಎಂದು ಮಹಾರಾಷ್ಟ್ರ ಸರಕಾರವು 2022ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಸಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದರ ಪಾಲನೆಗೆ ಎರಡು ತಿಂಗಳ ಗಡುವನ್ನು ವಿಧಿಸಿತು. ಅನ್ನವಿತ್ತ ನೆಲದ ಭಾಷೆಗೆ ಈ ಮನ್ನಣೆ ನ್ಯಾಯವಾದುದೇ. ಆದರೆ ಬೇರೆ ಭಾಷೆಯ ಸಾಲನ್ನು ಆ ಕಾನೂನು ನಿಷೇಧಿಸಿಲ್ಲವೆಂಬುದನ್ನು ನಮ್ಮವರು ಮರೆಯಬಾರದು. ಮರಾಠಿ, ಇಂಗ್ಲಿಷುಗಳನ್ನು ಬರೆಸಿದ ಮೇಲೆ ಕನ್ನಡಕ್ಕೆ ಜಾಗವೆಲ್ಲಿ ಎಂಬುದು ನಮ್ಮ ಹೊಟೇಲು ಮಾಲಕರು ಹೇಳಬಹುದಾದ ಮಾತು.

ಜಾಗದ ತೊಂದರೆ ಸುಳ್ಳಲ್ಲ. ನಮ್ಮದು ಅಡ್ಡಕ್ಕೆ ಹರಡುವ ಲಿಪಿ. ದೀರ್ಘವೂ ಕೊಂಬೂ ಬಲಕ್ಕೆ ಚಾಚುತ್ತವೆ, ಒತ್ತಕ್ಷರವು ಕೆಳಗಿಳಿಯುತ್ತದೆ. ಇದನ್ನು ಇಕ್ಕಟ್ಟಿಗೆ ಹೊಂದಿಸಲೆಂದು ಸಾಮಾನ್ಯ ಅಕ್ಷರವನ್ನೇ ಕಂಪ್ಯೂಟರಿನಲ್ಲಿ ಎರಡೂ ಬದಿಯಿಂದ ಅದುಮಿಬಿಡುವುದುಂಟು. ಆಗ ನಿಂತ ಗೆರೆಗಳು ಸಣಕಲಾಗುತ್ತವೆ. ಮಲಗಿದ ಗೆರೆಗಳ ದಪ್ಪ ಇದ್ದಷ್ಟೇ ಇರುತ್ತದೆ. ಒಳಗಿನ ಬಯಲು ಕಿರಿದಾಗಿ, ಮಕ್ಕಳಿಗೆ ‘ಹೊಟ್ಟೆ ಸೀಳು’ ಎಂದು ಕಲಿಸುವ ಕಿರುಗೆರೆಯು ಹತ್ತಡಿ ದೂರದಿಂದ ಕಾಣದಾಗುತ್ತದೆ, ‘ಭವನ’ವು ‘ಬವನ’ವಾಗುತ್ತದೆ.

ಇದಕ್ಕೆ ತಕ್ಕ ಪರಿಹಾರವೆಂದರೆ, ಕಿರಿದಾದ ಜಾಗಕ್ಕೆಂದೇ ರಚಿಸಿದ ದಪ್ಪ ಅಕ್ಷರ. ಅದರಲ್ಲಿ ಗೆರೆಯ ದಪ್ಪವನ್ನೂ ಒಳಬಯಲನ್ನೂ ತೂಗಿ ನೋಡಿ ಬರೆದಿರುತ್ತಾರೆ. ಮೂಲೆಗಳನ್ನು ಮೊನಚಾಗಿ ಬಿಡದೆ ದುಂಡಗಾಗಿಸಿದರಂತೂ ನಮ್ಮ ಲಿಪಿಯ ಸಹಜವಾದ ಬಾಗು ಉಳಿಯುತ್ತದೆ. ಈ ವಿದ್ಯೆಯನ್ನು ದೂರದಿಂದ ತರಬೇಕಾಗಿಲ್ಲ. ಮುಂಬಯಿಯದೇ ಆದ ‘ಏಕ್ ಟೈಪ್’ ಸಂಸ್ಥೆಯು ಭಾರತದ ಹಲವು ಲಿಪಿಗಳಿಗೆ ‘ಬಾಲೂ’ ಎಂಬ ದಪ್ಪ, ದುಂಡು ಅಕ್ಷರಗಳನ್ನು ರಚಿಸಿ, ಕನ್ನಡದ್ದಕ್ಕೆ ‘ಬಾಲೂ ತಮ್ಮ’ ಎಂದು ಹೆಸರಿಟ್ಟಿದೆ. ದೇವನಾಗರಿಯ ಮಗ್ಗುಲಲ್ಲಿ ನಿಲ್ಲಲು ಇದಕ್ಕಿಂತ ಒಪ್ಪುವ ಹೆಸರುಂಟೆ? ಅದೇ ಸಂಸ್ಥೆ 2022ರಲ್ಲಿ ಹೊರತಂದ ‘ಅನೇಕ್’ ಅಕ್ಷರಮಾಲೆಯಲ್ಲಿ ಕನ್ನಡವನ್ನು ಇಕ್ಕಟ್ಟಾಗಿಯೂ ವಿಶಾಲವಾಗಿಯೂ, ತೆಳುವಾಗಿಯೂ ದಪ್ಪವಾಗಿಯೂ ಬರೆಸಬಹುದು. ಎರಡೂ ಮುಕ್ತ ಪರವಾನಗಿಯವು. ಬಳಸಲು ಕಾಸು ತೆರಬೇಕಿಲ್ಲ.

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು. ಮಾಟುಂಗಾದಿಂದ ಬೊರಿವಲಿ, ಮುಲುಂಡಿನವರೆಗೆ ತಂದೆ ದುಡಿಯುವ ಹೊಟೇಲಿನ ನೆತ್ತಿಯ ಮೇಲೆ ಅವನ ಭಾಷೆಯ ನಾಲ್ಕು ಅಕ್ಷರಗಳು ಸ್ಫುಟವಾಗಿ ಕಂಡರೆ, ಮಗುವು ಕೂಡಿಸಿ ಓದಲು ಯತ್ನಿಸೀತು. ಗಿಜಿಬಿಜಿಯಾದ ಸಾಲು ಕಂಡರೆ, ತನ್ನ ಭಾಷೆಯೇ ಕಠಿಣವೆಂದು ಮುಖ ತಿರುಗಿಸೀತು.

ಆದುದರಿಂದ ಹೊಟೇಲು ಕಾರ್ಮಿಕ ಬಂಧುಗಳು ತಮ್ಮ ಮಾಲಕರಲ್ಲಿ ಈ ಮಾತನ್ನು ಸವಿನಯವಾಗಿ ಎತ್ತಬೇಕು. ಸಂಘಸಂಸ್ಥೆಗಳ ಕರಪತ್ರ, ಬ್ಯಾನರುಗಳನ್ನು ಸಿದ್ಧಪಡಿಸುವ ಗುಮಾಸ್ತ ಮಿತ್ರರು ಅದುಮಿದ ಅಕ್ಷರವನ್ನು ಒಪ್ಪದೆ ಹಿಂದಿರುಗಿಸಬೇಕು. ಮರಾಠಿಯ ಸಾಲು ಮೇಲಿರಲಿ; ಅದರ ಕೆಳಗೆ, ಬೀದಿಯ ಆಚೆಬದಿಯಿಂದ ಓದಬಲ್ಲ ಒಂದು ಕನ್ನಡದ ಸಾಲಿರಲಿ. ನಾವು ಕೇಳುವುದು ಇಷ್ಟೇ.